ಪರಂಪರೆ ಹಡಗು ಹತ್ತಿತು

ಆ ಫೋಟೊ ನೀವೂ ನೋಡಿರುತ್ತೀರಿ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಪರಂಪರೆ ಉಳಿಸಲೆಂದೇ ಹುಟ್ಟಿದ ಸಂಘದ ಪದಾಧಿಕಾರಿಗಳು ಸಾಲಾಗಿ ನಿಂತಿದ್ದಾರೆ. ಕೈಯಲ್ಲಿ ಬ್ಯಾನರ್. ಬ್ಯಾನರಿನಲ್ಲಿ ಬಿಳಿ ಹಡಗು, ಅದರ ಪಕ್ಕದಲ್ಲಿ ಹಡಗಿಗಿಂತ ಒಂದು ಗೇಣು ಎತ್ತರವಾಗಿ ಅಧ್ಯಕ್ಷರು. ‘ಐತಿಹಾಸಿಕ ದ್ವೀಪ ಬಂದರುಗಳ ಅಧ್ಯಯನ ಪ್ರವಾಸ.’ ಮಾಲ್ಟಾ, ಕ್ರೀಟ್, ರೋಡ್ಸ್. ಏಳು ರಾತ್ರಿ, ಎಂಟು ಹಗಲು, ಎಲ್ಲ ಊಟ ಸೇರಿ.

ಫೋಟೊ ತೆಗೆದದ್ದು ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ. ಅವರ ಬೆನ್ನ ಹಿಂದೆ ಸಮುದ್ರ. ಸಮುದ್ರದಲ್ಲಿ ಕೂರ್ಮಗಡ, ದೇವಗಡ. ಎರಡೂ ದ್ವೀಪಗಳನ್ನು ಬ್ಯಾನರ್ ಸರಿಯಾಗಿ ಮುಚ್ಚಿದೆ. ಫೋಟೊ ತೆಗೆದವನು ಬೇಕಂತಲೇ ಹೀಗೆ ಮಾಡಿದ್ದರೆ ಅವನಿಗೆ ಈ ಸಲದ ರಾಜ್ಯೋತ್ಸವ ಪ್ರಶಸ್ತಿ ಕೊಡಬೇಕು.

ಪ್ರವಾಸದ ಕರಪತ್ರ ನನಗೂ ಬಂತು. ದಪ್ಪ ಕಾಗದ, ಹೊಳಪು ಬೇರೆ. ಸಂಘ ಇದುವರೆಗೆ ಹೊರತಂದ ಯಾವ ಪುಸ್ತಕಕ್ಕೂ ಇಷ್ಟು ಒಳ್ಳೆಯ ಕಾಗದ ಬಳಸಿದ್ದಿಲ್ಲ. ಒಳಗೆ ಇತಿಹಾಸಕ್ಕೆ ನಾಲ್ಕು ಸಾಲು, ಊಟಕ್ಕೆ ಒಂದು ಪುಟ. ಅದರಲ್ಲಿ ತಪ್ಪೇನಿಲ್ಲ ಬಿಡಿ. ಶಿರಸಿ ಕಡೆಯ ಸದಸ್ಯರಿಗೆ ಮೊದಲು ಹುಟ್ಟುವ ಪ್ರಶ್ನೆ ವೆನಿಸಿನವರು ಕೋಟೆ ಯಾವಾಗ ಕಟ್ಟಿದರು ಎಂಬುದಲ್ಲ. ಸಾಂಬಾರಿಗೆ ಬೆಳ್ಳುಳ್ಳಿ ಹಾಕುತ್ತಾರೋ ಇಲ್ಲವೋ ಎಂಬುದು. ಪೂರ್ವಭಾವಿ ಸಭೆಯಲ್ಲಿ ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಇದೇ ವಿಷಯಕ್ಕೆ ಜಟಾಪಟಿ ಆಯಿತಂತೆ. ಮೇಲಿನವರಿಗೆ ಅಪ್ಪೆಹುಳಿ ಬೇಕು, ತಂಬುಳಿ ಬೇಕು. ಕೆಳಗಿನವರು ‘ಸಮುದ್ರದ ಮೇಲೆ ಎಂಟು ದಿನ ಇದ್ದು ಮೀನು ತಿನ್ನದೆ ಬರುವುದೆಂದರೆ ಏನು ಮಾರಾಯ್ರೆ’ ಎಂದು ಪಟ್ಟು ಹಿಡಿದರು. ಕೊನೆಗೆ ಆದ ಒಪ್ಪಂದ ಏನೆಂದರೆ, ಅಪ್ಪೆ ಮಿಡಿ ಉಪ್ಪಿನಕಾಯಿ ಸಂಘದ ಖರ್ಚಿನಲ್ಲಿ, ಬಂಗಡೆ ಅವರವರ ಖರ್ಚಿನಲ್ಲಿ. ಸದಾಶಿವಗಡ ಕೋಟೆಯ ಬಗ್ಗೆ ಇದೇ ಸಂಘ ಇದುವರೆಗೆ ಯಾವ ಒಪ್ಪಂದಕ್ಕೂ ಬಂದಿಲ್ಲ ಎಂಬುದು ಬೇರೆ ಮಾತು.

ಸದಾಶಿವಗಡದ ಪರಿಸ್ಥಿತಿ ನಿಮಗೆ ಗೊತ್ತು. ಸೋಂದೆಯ ಅರಸ ಬಸವಲಿಂಗ ಕಟ್ಟಿಸಿ ತನ್ನ ತಂದೆಯ ಹೆಸರಿಟ್ಟ ಕೋಟೆ. ಕಾಳಿ ನದಿ ಕಡಲು ಸೇರುವ ಬಾಯಿಯಲ್ಲೇ ಇದೆ. ಹೆದ್ದಾರಿ ಆ ಗುಡ್ಡವನ್ನೇ ಕೊರೆದುಕೊಂಡು ಹೋಗಿದೆ. ಗೋವಾಕ್ಕೆ ಹೋಗುವವರು ಕೋಟೆಯ ಹೊಟ್ಟೆಯೊಳಗಿಂದಲೇ ಹಾದು ಹೋಗುತ್ತಾರೆ. ಕೋಟೆ ಎಲ್ಲಿ ಅಂತ ಕೇಳಿದರೆ ‘ಮುಂದೆ ಬರಬಹುದು’ ಅನ್ನುತ್ತಾರೆ.

ಇರಲಿ. ಸದಸ್ಯರು ಮೊದಲು ಇಳಿಯುವುದು ಮಾಲ್ಟಾದ ವಲೆಟಾದಲ್ಲಿ. ಬೆಳಿಗ್ಗೆ ಎಂಟಕ್ಕೆ ಹಡಗು ಕಟ್ಟುತ್ತದೆ, ಸಂಜೆ ಐದಕ್ಕೆ ಬಿಡುತ್ತದೆ. ತಿಂಡಿ, ಸಾಲು, ಬಸ್ಸು, ತಲೆ ಎಣಿಕೆ, ಕಾಣೆಯಾದ ಖಜಾಂಚಿಯನ್ನು ಹುಡುಕುವುದು, ಇಷ್ಟೆಲ್ಲ ಕಳೆದರೆ ಇತಿಹಾಸಕ್ಕೆ ಎರಡು ಗಂಟೆ ಸಿಗಬಹುದು. ಆ ಎರಡು ಗಂಟೆಯಲ್ಲಿ 1565ರ ಮಹಾ ಮುತ್ತಿಗೆಯನ್ನು ಅರಿತುಕೊಳ್ಳಬೇಕು. ತುರ್ಕರು ಸುಮಾರು ನಾಲ್ಕು ತಿಂಗಳು ಹೊಡೆದಾಡಿದ ಜಾಗ ಅದು. ನಮ್ಮವರು ಊಟಕ್ಕೆ ಮುಂಚೆ ಮುಗಿಸುತ್ತಾರೆ.

ಮಾಲ್ಟಾದ ಕತೆಯಲ್ಲಿ ನನಗೆ ಇಷ್ಟವಾದದ್ದು ಗಿಡುಗ. 1530ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಈ ದ್ವೀಪವನ್ನು ಸಂತ ಜಾನ್ ಪಂಥದ ಯೋಧರಿಗೆ ಬಿಟ್ಟುಕೊಟ್ಟ. ಬಾಡಿಗೆ ಎಷ್ಟು ಅಂದರೆ ವರ್ಷಕ್ಕೊಂದು ಗಿಡುಗ. ಇಡೀ ದ್ವೀಪಕ್ಕೆ! ನಮ್ಮಲ್ಲಿ ಹತ್ತು ಗುಂಟೆ ಬೆಟ್ಟದ ಪಹಣಿ ತಿದ್ದಿಸಲು ಹೊರಟವನನ್ನು ಕೇಳಿ ನೋಡಿ, ಎಷ್ಟು ಗಿಡುಗ ಬೇಕಾಯಿತು ಅಂತ.

ಆಮೇಲೆ ಕ್ರೀಟ್. ಅಲ್ಲಿನ ಹೆರಾಕ್ಲಿಯಾನ್ ಬಂದರನ್ನು ತುರ್ಕರು 1648ರಿಂದ 1669ರವರೆಗೆ ಮುತ್ತಿದರು. 21 ವರ್ಷ. ಜಗತ್ತಿನ ಅತಿ ದೀರ್ಘ ಮುತ್ತಿಗೆಗಳಲ್ಲಿ ಇದೂ ಒಂದು ಎಂದು ಕರಪತ್ರ ಬೆರಗಾಗಿದೆ. ನಮ್ಮ ಕಡೆಯವರಿಗೆ ಬೆರಗು ಯಾಕಾಗಬೇಕೋ ತಿಳಿಯದು. ಕಾರವಾರದ ಸೀಬರ್ಡ್ ನೌಕಾನೆಲೆಗೆ ರಾಜೀವ್ ಗಾಂಧಿ ಅಡಿಗಲ್ಲು ಇಟ್ಟದ್ದು 1986ರಲ್ಲಿ. ಮನೆ, ಗದ್ದೆ, ದೋಣಿ ಕಟ್ಟುವ ದಕ್ಕೆ ಬಿಟ್ಟು ಎದ್ದುಹೋದ ಸಾವಿರಾರು ಕುಟುಂಬಗಳಲ್ಲಿ ಎಷ್ಟೋ ಮಂದಿ ಸರಿಯಾದ ಪರಿಹಾರಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಿ ಇಳಿಯುವುದರಲ್ಲೇ ಮುದುಕರಾದರು. ಇಪ್ಪತ್ತೊಂದು ವರ್ಷ ಯಾವ ಲೆಕ್ಕ?

ರೋಡ್ಸ್ ಬಂದರಿನ ಆಕರ್ಷಣೆ ಇನ್ನೂ ಚೆನ್ನಾಗಿದೆ. ಅಲ್ಲಿ ಪ್ರಾಚೀನ ಏಳು ಅದ್ಭುತಗಳಲ್ಲೊಂದಾದ ಕೊಲೊಸಸ್ ಎಂಬ ದೈತ್ಯ ಕಂಚಿನ ವಿಗ್ರಹ ಇತ್ತು. ಈಗ ಇಲ್ಲ. ಕ್ರಿ.ಪೂ. 280ರ ಸುಮಾರಿಗೆ ನಿಂತದ್ದು, 226ರ ಭೂಕಂಪಕ್ಕೆ ಮೊಣಕಾಲಲ್ಲಿ ಮುರಿದು ಬಿತ್ತು. ಅದು ಇಲ್ಲದಿರುವುದನ್ನು ನೋಡಲು ನಮ್ಮವರು ದುಡ್ಡು ಕೊಟ್ಟು ಹೋಗುತ್ತಿದ್ದಾರೆ. ಬಿದ್ದದ್ದನ್ನು ನೋಡುವುದೇ ಆದರೆ ಕೋಡಿಬಾಗಕ್ಕೆ ಬಂದಿದ್ದರೆ ಸಾಕಿತ್ತು. ಕಾಳಿ ನದಿಯ ಹಳೆ ಸೇತುವೆ 2024ರ ಆಗಸ್ಟಿನ ಒಂದು ರಾತ್ರಿ ಲಾರಿ ಸಮೇತ ನದಿಗೆ ಬಿತ್ತು. ಚಾಲಕನನ್ನು ಮೀನುಗಾರರು, ಪೊಲೀಸರು ಸೇರಿ ಎಳೆದುಕೊಂಡರು, ಪುಣ್ಯ. ಸೇತುವೆಯ ವಯಸ್ಸು 41. ಕೊಲೊಸಸ್ 54 ವರ್ಷ ನಿಂತಿತ್ತು. ಅದೂ ಭೂಕಂಪ ಆದ ಮೇಲೆ ಬಿದ್ದದ್ದು. ನಮ್ಮದಕ್ಕೆ ಭೂಕಂಪವೂ ಬೇಕಾಗಲಿಲ್ಲ.

ಈಗ ಒಂದು ಮಾತು ಕೇಳಬೇಕು. ದ್ವೀಪ, ಬಂದರು, ಕೋಟೆ, ಇತಿಹಾಸ, ಇವೇ ಬೇಕಿದ್ದರೆ ಅಂಜುದೀವು ಏನು ಪಾಪ ಮಾಡಿತ್ತು?

ಕಾರವಾರದ ಬಿಣಗಾ ಕಡೆಯಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇದೆ ಅದು. ಕಾಗದದಲ್ಲಿ ಮಾತ್ರ ಗೋವಾದ್ದು. ಇಬ್ನ್ ಬತೂತ ಎಂಬ ಮೊರಾಕ್ಕೊದ ಪ್ರವಾಸಿ 1340ರ ದಶಕದಲ್ಲಿ ಈ ಕರಾವಳಿಯಲ್ಲಿ ಓಡಾಡಿದ. ಒಂದು ಸಣ್ಣ ದ್ವೀಪದಲ್ಲಿ ಇಳಿದ. ಅದು ಅಂಜುದೀವೇ ಎಂದು ಬಲ್ಲವರು ಹೇಳುತ್ತಾರೆ. ಅಲ್ಲಿ ಗುಡಿಯ ಗೋಡೆಗೆ ಒರಗಿ ಒಬ್ಬ ಯೋಗಿ ಕೂತಿದ್ದ. ಮಾತಿಲ್ಲ. ಇವರು ಊಟ ಕೊಟ್ಟರೆ ಬೇಡ ಅಂದ. ಒಮ್ಮೆ ಜೋರಾಗಿ ಕೂಗಿದ, ಮರದಿಂದ ತೆಂಗಿನಕಾಯಿ ಬಿತ್ತು. ದುಡ್ಡು ಕೊಡಹೋದರೆ ಮುಟ್ಟಲಿಲ್ಲ, ಹೊರಡುವಾಗ ತಾನೇ ಬತೂತನಿಗೆ ಹತ್ತು ದಿನಾರ್ ಕೊಟ್ಟ. ಪ್ರವಾಸಿಗೆ ಸ್ಥಳೀಯರೇ ದುಡ್ಡು ಕೊಟ್ಟು ಕಳಿಸಿದ ಪ್ರಸಂಗ ನಮ್ಮ ಕರಾವಳಿಯ ಪ್ರವಾಸೋದ್ಯಮದಲ್ಲಿ ಮತ್ತೆ ನಡೆದಂತಿಲ್ಲ. ಈಗ ಗೋಕರ್ಣದ ಹತ್ತಿರ ಕಾರು ನಿಲ್ಲಿಸಿ ನೋಡಿ, ಯಾರು ಯಾರಿಗೆ ಕೊಡುತ್ತಾರೆ ಗೊತ್ತಾಗುತ್ತದೆ.

ಇದೇ ಬತೂತ ಹೊನ್ನಾವರದಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆ ನೋಡಿದೆ ಎಂದು ಬರೆದ. ಆಗಿನ್ನೂ ಶಾಲೆ ವಿಲೀನದ ಸುತ್ತೋಲೆ ಬಂದಿರಲಿಲ್ಲ ಅಂತ ಕಾಣುತ್ತದೆ.

1498ರಲ್ಲಿ ವಾಸ್ಕೊ ಡ ಗಾಮ ಊರಿಗೆ ಹಿಂದಿರುಗುವ ಮುನ್ನ ಹಡಗು ರಿಪೇರಿಗೆ ಅಂಜುದೀವಿಗೆ ಬಂದ. ಅಲ್ಲಿಗೆ ಗೋವಾ ಕಡೆಯಿಂದ ಒಬ್ಬ ಚೆಂದ ಬಟ್ಟೆ ತೊಟ್ಟು, ಇಟಲಿ ಭಾಷೆ ಮಾತಾಡುತ್ತ ಬಂದ. ಸಂಶಯ ಬಂತು. ಹೊಡೆದು ಬಾಯಿ ಬಿಡಿಸಿದರು. ಯೆಹೂದಿ, ಗೋವಾದ ಅಧಿಕಾರಿಯ ಕಡೆಯವನು. ಗಾಮ ಅವನನ್ನು ಲಿಸ್ಬನ್‌ಗೆ ಎಳೆದೊಯ್ದು, ಕ್ರೈಸ್ತನನ್ನಾಗಿ ಮಾಡಿ, ತನ್ನದೇ ಮನೆತನದ ಹೆಸರು ಕೊಟ್ಟು ಗ್ಯಾಸ್ಪರ್ ಡ ಗಾಮ ಮಾಡಿದ. ಬೇರೆ ಭಾಷೆ ಚೆನ್ನಾಗಿ ಮಾತಾಡುವವನನ್ನು ನಮ್ಮಲ್ಲಿ ಆಗಿನಿಂದಲೂ ಸಂಶಯದಿಂದಲೇ ನೋಡುತ್ತಾರೆ. 1505ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಅಲ್ಮೇಡ ಬಂದು ಅಲ್ಲಿ ಕೋಟೆ ಕಟ್ಟಿದ. ಮರುವರ್ಷವೇ ಪೋರ್ಚುಗೀಸರು ಅದನ್ನು ಕೆಡವಿದರು. ಕಟ್ಟಿದ ವರ್ಷದಲ್ಲೇ ಒಡೆಯುವ ನಮ್ಮ ರಸ್ತೆ ಕಾಮಗಾರಿಯ ಮೂಲ ಇಲ್ಲೇ ಇರಬೇಕು, ಸಂಘದವರು ಸಂಶೋಧಿಸಬಹುದು.

ಅಂಜುದೀವಿಗೆ ಗುಂಪು ಪ್ರವಾಸವೂ ಆಗಿದೆ. 1661ರಲ್ಲಿ ಇಂಗ್ಲೆಂಡಿನ ಎರಡನೇ ಚಾರ್ಲ್ಸನಿಗೆ ಪೋರ್ಚುಗಲ್ಲಿನ ಕ್ಯಾಥರೀನಳ ಜೊತೆ ಮದುವೆ ಗೊತ್ತಾಗಿ, ಬೊಂಬಾಯಿಯನ್ನು ವರದಕ್ಷಿಣೆಯಾಗಿ ಬರೆದುಕೊಟ್ಟರು. ಮರುವರ್ಷ ಸರ್ ಅಬ್ರಹಾಂ ಶಿಪ್‌ಮನ್ ನಾಲ್ಕೈದು ನೂರು ಸೈನಿಕರನ್ನು ಕರೆದುಕೊಂಡು ಬೊಂಬಾಯಿಗೆ ಬಂದ. ಅಲ್ಲಿದ್ದ ಪೋರ್ಚುಗೀಸರು ‘ನಿಮ್ಮ ಕಾಗದಪತ್ರ ಸರಿ ಇಲ್ಲ’ ಎಂದು ವಾಪಸು ಕಳಿಸಿದರು. ಎಲ್ಲಿಗೆ ಹೋಗುವುದು? ಅಂಜುದೀವಿಗೆ ಬಂದು ಇಳಿದರು. ಒಪ್ಪಿಗೆ ಬರುತ್ತದೆ ಬರುತ್ತದೆ ಎಂದು ಕಾದರು. ಮಳೆ, ಜ್ವರ, ಹಸಿವು. 1664ರಲ್ಲಿ ಶಿಪ್‌ಮನ್ನನೇ ಅಲ್ಲಿ ಸತ್ತ. 1665ರಲ್ಲಿ ಬೊಂಬಾಯಿ ಕೈಗೆ ಬರುವ ಹೊತ್ತಿಗೆ ಉಳಿದವರು ನೂರರ ಆಸುಪಾಸು. ಯಾರಾದರೂ ಕಚೇರಿಯಲ್ಲಿ ‘ಮೇಲಿನಿಂದ ಆದೇಶ ಬರಬೇಕು, ಸ್ವಲ್ಪ ಕಾಯಿರಿ’ ಅಂದಾಗಲೆಲ್ಲ ನನಗೆ ಈ ಇಂಗ್ಲಿಷರ ನೆನಪಾಗುತ್ತದೆ. ಅಯ್ಯೋ ಅನ್ನಿಸುತ್ತದೆ.

ಇದೆಲ್ಲ ವಲೆಟಾದ ಕತೆಗಿಂತ ಕಡಿಮೆಯೇ? ಇದರ ಮೇಲೆ 1961 ಇದೆ, ಗೋವಾ ವಿಮೋಚನೆಯ ವರ್ಷ. ನವೆಂಬರಿನಲ್ಲಿ ಅಂಜುದೀವಿನ ಪಕ್ಕ ಹೋಗುತ್ತಿದ್ದ ‘ಸಾಬರಮತಿ’ ಪ್ರಯಾಣಿಕರ ಹಡಗಿನ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು, ಒಬ್ಬ ಪ್ರಯಾಣಿಕ ಸತ್ತ. ಡಿಸೆಂಬರಿನಲ್ಲಿ ದ್ವೀಪ ಹಿಡಿಯಲು ಇಳಿದ ನಮ್ಮ ನೌಕಾಪಡೆಯ ಏಳು ಜನ ಸತ್ತರು. ಜಿಲ್ಲೆಯ ಎಷ್ಟು ಮಕ್ಕಳಿಗೆ ಇದು ಗೊತ್ತು? ಸಂಘದ ಎಷ್ಟು ಸದಸ್ಯರಿಗೆ ಗೊತ್ತು?

ಆದರೆ ಅಂಜುದೀವಿಗೆ ಹೋಗುವಂತಿಲ್ಲ. ಅದು ನೌಕಾನೆಲೆಯ ಭಾಗ, ಜನರಿಗೆ ಪ್ರವೇಶ ಇಲ್ಲ. ದೇಶದ ರಕ್ಷಣೆಯ ವಿಷಯ, ತಕರಾರಿಲ್ಲ. ಫೆಬ್ರವರಿಯಲ್ಲಿ ಅಲ್ಲಿನ ಹಳೆಯ ಇಗರ್ಜಿಯ ಹಬ್ಬಕ್ಕೆ ದೋಣಿಯಲ್ಲಿ ಹೋಗುತ್ತಿದ್ದವರು ಈಗ ದಡದಲ್ಲೇ ನಿಲ್ಲುತ್ತಾರೆ. ಮಾಲ್ಟಾಕ್ಕಾದರೆ ಷೆಂಗೆನ್ ವೀಸಾ ಸಾಕು. ಬೆಂಗಳೂರಿಗೆ ಹೋಗಿ ಬೆರಳು ಒತ್ತಿ, ಬ್ಯಾಂಕಿನ ಲೆಕ್ಕ ತೋರಿಸಿ, ವಾಪಸು ಬರುತ್ತೇನೆ ಎಂದು ಆಣೆ ಮಾಡಿದರೆ ಸಿಗುತ್ತದೆ. ಹಾಗಾಗಿ ಸಂಘದವರನ್ನು ಪೂರ್ತಿ ಬೈಯಲೂ ಬರುವುದಿಲ್ಲ. ಕಣ್ಣೆದುರಿನ ದ್ವೀಪಕ್ಕಿಂತ ಭೂಮಧ್ಯ ಸಮುದ್ರವೇ ಹತ್ತಿರ ಎಂದು ಅವರು ಲೆಕ್ಕ ಹಾಕಿದ್ದಾರೆ, ಲೆಕ್ಕ ಸರಿಯಾಗಿಯೇ ಇದೆ.

ಹಾಗಂತ ಬೇರೆ ದ್ವೀಪಗಳಿಲ್ಲವೇ? ಹೊನ್ನಾವರದ ಎದುರು ಕೋಟೆಗೋಡೆ ಸುತ್ತಿಕೊಂಡ ಬಸವರಾಜದುರ್ಗ. ಭಟ್ಕಳದ ಕಡೆ ನೇತ್ರಾಣಿ. ಅಲ್ಲಿ ಜನ ಹರಕೆಗೆ ಆಡು ಬಿಡುತ್ತಾರೆ, ನೌಕಾಪಡೆ ಗುರಿ ಅಭ್ಯಾಸಕ್ಕೆ ಗುಂಡು ಬಿಟ್ಟಿದೆ. ಆ ಆಡುಗಳ ಆತ್ಮಕಥೆಯನ್ನು ಯಾರಾದರೂ ಬರೆಯಬೇಕು. ಕುಮಟಾದ ಹತ್ತಿರ ಮಿರ್ಜಾನ್ ಇದೆ. ಮೆಣಸಿನ ರಾಣಿ ಎಂದು ಪೋರ್ಚುಗೀಸರೇ ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ನೆನಪಿನ ಜಾಗ. 54 ವರ್ಷ ಆಳಿದ ಹೆಂಗಸು. ಅಲ್ಲಿ ಈಗ ಮದುವೆಗೆ ಮುಂಚಿನ ಫೋಟೊ ತೆಗೆಯುವವರದೇ ಆಳ್ವಿಕೆ.

ಕಾರವಾರಕ್ಕೆ ಕಡಲ್ಗಳ್ಳನೂ ಬಂದು ಹೋಗಿದ್ದಾನೆ. 1697ರಲ್ಲಿ ಕ್ಯಾಪ್ಟನ್ ಕಿಡ್ ನೀರು ತುಂಬಿಸಿಕೊಳ್ಳಲು ಇಲ್ಲಿ ಲಂಗರು ಹಾಕಿದ. ಅವನ ಕೆಲವು ಆಳುಗಳು ಇಲ್ಲಿ ಇಳಿದು ಇಂಗ್ಲಿಷರ ಕೋಠಿಗೆ ಹೋಗಿ ಅವನ ಮೇಲೆ ಚಾಡಿ ಹೇಳಿದರು. 1701ರಲ್ಲಿ ಲಂಡನ್ನಿನಲ್ಲಿ ಅವನನ್ನು ನೇಣಿಗೆ ಹಾಕಿದಾಗ ಮೊದಲ ಸಲ ಹಗ್ಗ ಹರಿಯಿತು, ಮತ್ತೆ ಹಾಕಿದರು. ಯುರೋಪಿನ ಯಾವುದಾದರೂ ಊರಿಗೆ ಈ ಕತೆ ಸಿಕ್ಕಿದ್ದರೆ ಕಿಡ್ ಹೆಸರಿನ ಹೋಟೆಲು, ಟೋಪಿ, ಕೀ ಬಂಚು ಎಲ್ಲ ಬರುತ್ತಿತ್ತು. ನಾವು ಒಂದು ಬೋರ್ಡನ್ನೂ ಹಾಕಿಲ್ಲ. ಕಳ್ಳರ ವಿಷಯದಲ್ಲಿ ನಮಗೆ ಕೊರತೆ ಇಲ್ಲವಲ್ಲ, ಹೊರಗಿನವರನ್ನು ಯಾಕೆ ನೆನೆಯುವುದು ಅಂತ ಇರಬೇಕು.

ಕರಪತ್ರದ ಕೊನೆ ಪುಟದಲ್ಲಿ ಹಡಗಿನ ಸೌಲಭ್ಯಗಳಿವೆ. ಈಜುಕೊಳ, ನಾಟಕಮಂದಿರ, ಜೂಜುಕಟ್ಟೆ. ‘ಹಡಗಿನಲ್ಲಿ ಇಪ್ಪತ್ನಾಲ್ಕು ಗಂಟೆಯೂ ವೈದ್ಯರಿರುವ ಆಸ್ಪತ್ರೆ ಇದೆ.’ ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಎದೆನೋವು ಬಂದರೆ ನಮ್ಮ ಜಿಲ್ಲೆಯವರು ಮಣಿಪಾಲಕ್ಕೆ ಓಡುತ್ತಾರೆ, ಮಂಗಳೂರಿಗೆ ಓಡುತ್ತಾರೆ, ಹುಬ್ಬಳ್ಳಿಗೆ, ಗೋವಾದ ಬಾಂಬೋಳಿಗೆ ಓಡುತ್ತಾರೆ. ದೊಡ್ಡಾಸ್ಪತ್ರೆ ಬೇಕು ಅಂತ ಕೂಗಿ ಕೂಗಿ ಗಂಟಲು ಒಣಗಿದೆ. ಇನ್ನು ಭೂಮಧ್ಯ ಸಮುದ್ರವನ್ನೂ ಪಟ್ಟಿಗೆ ಸೇರಿಸಬಹುದು.

ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸೂಚನೆ. ಹಡಗು ಹೊರಡುವ ಮೊದಲು ಎಲ್ಲ ಪ್ರಯಾಣಿಕರೂ ಸುರಕ್ಷತಾ ಅಭ್ಯಾಸದಲ್ಲಿ ಪಾಲ್ಗೊಳ್ಳಲೇಬೇಕು. ಯಾರ ರಕ್ಷಣಾ ದೋಣಿ ಯಾವುದು, ಲೈಫ್ ಜಾಕೆಟ್ ಎಲ್ಲಿದೆ, ಹೇಗೆ ಕಟ್ಟಿಕೊಳ್ಳಬೇಕು. 2012ರಲ್ಲಿ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕೋರ್ಡಿಯಾ ಹಡಗು ಬಂಡೆಗೆ ತಾಗಿ 32 ಜನ ಸತ್ತರು. ಕ್ಯಾಪ್ಟನ್ ದ್ವೀಪಕ್ಕೆ ಸಲಾಮು ಹೊಡೆಯಲು ಹತ್ತಿರ ಹೋಗಿದ್ದ. ಅವನು ಜೈಲಿಗೆ ಹೋದ, ನಿಯಮ ಬಿಗಿಯಾಯಿತು. ಹಡಗು ದಡ ಬಿಡುವ ಮೊದಲೇ ಈ ಅಭ್ಯಾಸ ಮುಗಿಯಬೇಕು ಎಂದಾಯಿತು.

2019ರ ಜನವರಿ 21. ಕೂರ್ಮಗಡದ ನರಸಿಂಹ ದೇವರ ಜಾತ್ರೆ. ವರ್ಷಕ್ಕೊಮ್ಮೆ, ಪುಷ್ಯ ಹುಣ್ಣಿಮೆಗೆ, ಜನ ದೋಣಿಯಲ್ಲಿ ಹೋಗಿ ಬಾಳೆಗೊನೆ ಕೊಟ್ಟು ಬರುತ್ತಾರೆ. ವಾಪಸು ಬರುವಾಗ ದೋಣಿ ಮಗುಚಿತು. 16 ಜನ ಸತ್ತರು. ಮಕ್ಕಳಿದ್ದರು. ಹಾವೇರಿ ಕಡೆಯಿಂದ ಬಂದವರಿದ್ದರು. ದೋಣಿಯಲ್ಲಿ ಹಿಡಿಸುವುದಕ್ಕಿಂತ ಜಾಸ್ತಿ ಜನ. ಲೈಫ್ ಜಾಕೆಟ್ ಇಲ್ಲ. ದಡ ಕಾಣುತ್ತಿತ್ತು.

ಇದರಲ್ಲಿ ತಮಾಷೆ ಮಾಡಲು ಏನೂ ಇಲ್ಲ. ಜಾತ್ರೆ ಯಾವತ್ತು ಅಂತ ಪಂಚಾಂಗದಲ್ಲಿ ಇರುತ್ತದೆ. ಎಷ್ಟು ಜನ ಬರುತ್ತಾರೆ ಅಂತ ಎಲ್ಲರಿಗೂ ಗೊತ್ತು. ಯಾವ ದೋಣಿ ಹೋಗುತ್ತದೆ, ಯಾವ ದಕ್ಕೆಯಿಂದ ಹೋಗುತ್ತದೆ ಅದೂ ಗೊತ್ತು. ಒಬ್ಬ ದಕ್ಕೆಯ ಮೇಲೆ ನಿಂತು ತಲೆ ಎಣಿಸಿದ್ದರೆ ಸಾಕಿತ್ತು. ಸತ್ತ ಮೇಲೆ ಎಲ್ಲರೂ ಬಂದರು. ಪರಿಹಾರ ಘೋಷಣೆ ಆಯಿತು, ಸಭೆ ಆಯಿತು, ಕಟ್ಟುನಿಟ್ಟಿನ ಸೂಚನೆ ಆಯಿತು. ಜಾತ್ರೆಯ ದಿನ ಕಟ್ಟುನಿಟ್ಟು ಇರುತ್ತದೆ, ಒಪ್ಪುತ್ತೇನೆ. ಉಳಿದ ದಿನ? ಈಚೆಗೆ ಕರಾವಳಿಯ ಒಂದು ಕಡೆ ಪ್ರವಾಸಿ ದೋಣಿ ಹತ್ತಿದೆ. ಎಲ್ಲಿ ಅಂತ ಹೇಳುವುದಿಲ್ಲ. ಲೈಫ್ ಜಾಕೆಟ್ ಇದ್ದವು. ಇಂಜಿನ್ ಪಕ್ಕದ ಮೊಳೆಗೆ ಕಟ್ಟಾಗಿ ತೂಗುಹಾಕಿದ್ದರು, ಅಂಗಡಿಯಿಂದ ತಂದ ಪ್ಲಾಸ್ಟಿಕ್ ಕವರಿನ ಸಮೇತ. ಕವರಿನೊಳಗೆ ಬೆವರು ಹಿಡಿದು ಕೇಸರಿ ಬಣ್ಣ ಮಾಸಿತ್ತು. ‘ಕೊಡಿ ಮಾರಾಯ್ರೆ, ಹಾಕಿಕೊಳ್ಳುತ್ತೇನೆ’ ಅಂದೆ. ದೋಣಿ ನಡೆಸುವ ತಾಂಡೇಲ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ‘ಬಿಚ್ಚಿದರೆ ಹಾಳಾಗ್ತದೆ ಸರ್. ಚೆಕಿಂಗಿಗೆ ಬಂದಾಗ ತೋರಿಸಬೇಕಲ್ಲ’ ಅಂದ. ಅವನ ಮೇಲೆ ಸಿಟ್ಟು ಬರಲಿಲ್ಲ. ಅವನು ಇರುವ ವ್ಯವಸ್ಥೆಯನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದಾನೆ, ಅಷ್ಟೆ.

ಸಂಘದವರ ಒಂದು ಬಾಲ್ಕನಿ ಕೋಣೆಯ ದುಡ್ಡಿನಲ್ಲಿ ಎಷ್ಟು ದೋಣಿಗೆ ಜಾಕೆಟ್ ಬರುತ್ತದೆ ಎಂದು ಲೆಕ್ಕ ಹಾಕಿದೆ. ಹಾಕಬಾರದಿತ್ತು, ಅದು ಅವರ ಸ್ವಂತ ದುಡ್ಡು, ಅಡಿಕೆ ಮಾರಿದ್ದೋ ಪಿಂಚಣಿ ಉಳಿಸಿದ್ದೋ. ಅವರು ಎಲ್ಲಿಗಾದರೂ ಹೋಗಲಿ. ಅದಕ್ಕೆ ಜಿಲ್ಲೆಯ ಪರಂಪರೆಯ ಹೆಸರು ಯಾಕೆ, ಸಚಿವರಿಂದ ಬಾವುಟ ತೋರಿಸುವುದು ಯಾಕೆ, ಅಷ್ಟು ಕೇಳಿದರೆ ಸಾಕು.

ಮೊನ್ನೆ ಸಂಘದ ಖಜಾಂಚಿಗಳ ಫೋನು ಬಂತು. ಶಿರಸಿ ಕಡೆಯವರು, ವಯಸ್ಸಿನಲ್ಲಿ ಹಿರಿಯರು, ನನ್ನನ್ನು ತಮ್ಮ ಅಂತಲೇ ಕರೆಯುವುದು.

‘ತಮಾ, ಒಂದು ಸೀಟು ಉಳದ್ದು. ನೀನೂ ಬಾರೋ. ಒಳಗಿನ ಕೋಣೆ, ಕಿಟಕಿ ಇಲ್ಲೆ. ರೇಟು ಕಮ್ಮಿ.’

ಬಂದ ಮೇಲೆ ಏನು ಕಾರ್ಯಕ್ರಮ ಎಂದು ಕೇಳಿದೆ.

‘ಸ್ಲೈಡ್ ಶೋ ಇದ್ದು. ಊಟವೂ ಇದ್ದು.’

ಮುಂದಿನ ಕೂರ್ಮಗಡ ಜಾತ್ರೆಗೆ ಸಂಘದಿಂದ ಒಂದಿಷ್ಟು ಲೈಫ್ ಜಾಕೆಟ್ ಕೊಡಿಸಬಹುದಲ್ಲ, ದ್ವೀಪದ ವಿಷಯವೇ ಅಲ್ವಾ ಅಂದೆ.

‘ಅದೆಲ್ಲ ನಮ್ಮ ಬೈಲಾದಲ್ಲಿ ಬತ್ತಿಲ್ಲೆ.’

ಬೈಲಾದ ಪ್ರತಿ ತರಿಸಿ ನೋಡಿದೆ. ಉದ್ದೇಶಗಳ ಪಟ್ಟಿಯಲ್ಲಿ ವಿದೇಶದ ಮಾತೇ ಇಲ್ಲ. ನಾಲ್ಕನೆಯದು ಮಾತ್ರ ಹೀಗಿದೆ: ‘ಜಿಲ್ಲೆಯ ಕೋಟೆ, ಬಂದರು ಹಾಗೂ ದ್ವೀಪಗಳಿಗೆ ಸಾರ್ವಜನಿಕರನ್ನು ಸುರಕ್ಷಿತವಾಗಿ ಕರೆದೊಯ್ಯುವುದು.’ ಫೋನಿನಲ್ಲೇ ಓದಿ ಹೇಳಿದೆ. ಖಜಾಂಚಿಗಳು ಸ್ವಲ್ಪ ಹೊತ್ತು ಯೋಚಿಸಿದರು.

‘ಹೌದನ? ಯಾರು ಬರದ್ದ ಅದನ್ನ?’